ದುಡಿಮೆಯ ಒತ್ತಡ: ಹಿಡಿತ ಯಾರ ಕೈಯಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲಸ ಹೆಚ್ಚಾಯಿತು, ಅದಕ್ಕೇ ಮನಸ್ಸಿನ ಆರೋಗ್ಯ ಕೆಟ್ಟಿತು ಎಂದು ಸಾಮಾನ್ಯವಾಗಿ ಎಲ್ಲರೂ ಹೇಳುತ್ತಾರೆ. ಹೊರೆ ದಣಿಸುತ್ತದೆ, ಸಂಶಯವಿಲ್ಲ. ಆದರೆ ದಣಿವು ನಿದ್ದೆಯಿಂದ ನೀಗುತ್ತದೆ. ನಿದ್ದೆಯಿಂದಲೂ ನೀಗದ ಇನ್ನೊಂದು ಬಳಲಿಕೆ ಇದೆ. ತನ್ನ ದಿನದ ಮೇಲೆ ತನಗೇ ಹಿಡಿತವಿಲ್ಲ, ಏನು ಮಾಡಿದರೂ ಏನೂ ಬದಲಾಗದು ಎಂಬ ಅನುಭವದಿಂದ ಹುಟ್ಟುವ ಬಳಲಿಕೆ ಅದು. ಒತ್ತಡದ ಬಗ್ಗೆ ಮನೋವಿಜ್ಞಾನ ಕಂಡುಕೊಂಡಿರುವ ಸಂಗತಿಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ಹಾಗಾಗಿ ಇಂದು ಇದನ್ನೇ ತುಸು ವಿವರವಾಗಿ ಹೇಳುತ್ತೇನೆ.

ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಗದ್ದಲದ ಪರಿಣಾಮವನ್ನು ಕುರಿತು ಮಾಡಿದ ಪ್ರಯೋಗಗಳು 1972ರಲ್ಲಿ ಪುಸ್ತಕರೂಪದಲ್ಲಿ ಬಂದವು. ಕೋಣೆಯಲ್ಲಿ ಜನರನ್ನು ಕೂರಿಸಿ ಅವರಿಗೆ ಕೆಲಸ ಕೊಟ್ಟರು. ನಡುನಡುವೆ, ಯಾವಾಗ ಬರುತ್ತದೆಂದು ಊಹಿಸಲಾಗದಂತೆ, ಕಿವಿಗಡಚಿಕ್ಕುವ ಸದ್ದು ಕೇಳಿಸಿದರು. ಕೆಲವರಿಗೆ ಮಾತ್ರ ಒಂದು ಗುಂಡಿಯನ್ನು ತೋರಿಸಿ, ‘ತೀರಾ ತಡೆಯಲಾಗದಿದ್ದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ, ಒತ್ತದೇ ಇದ್ದರೆ ಒಳ್ಳೆಯದು’ ಎಂದು ಹೇಳಿದ್ದರು. ಬಹುತೇಕ ಯಾರೂ ಆ ಗುಂಡಿಯನ್ನು ಮುಟ್ಟಲಿಲ್ಲ. ಅಂದರೆ ಎಲ್ಲರ ಕಿವಿಗೂ ಬಿದ್ದದ್ದು ಒಂದೇ ಸದ್ದು, ಒಂದೇ ಪ್ರಮಾಣದಲ್ಲಿ. ಸದ್ದು ನಿಂತ ಮೇಲೆ ಎಲ್ಲರಿಗೂ ಬಿಡಿಸಲಾಗದ ಒಗಟುಗಳನ್ನೂ ಕರಡು ತಿದ್ದುವ ಕೆಲಸವನ್ನೂ ಕೊಟ್ಟಾಗ ವ್ಯತ್ಯಾಸ ಎದ್ದು ಕಂಡಿತು. ಗುಂಡಿ ಇದ್ದವರು ಪಟ್ಟು ಬಿಡದೆ ಹೆಚ್ಚು ಹೊತ್ತು ಪ್ರಯತ್ನಿಸಿದರು, ಹೆಚ್ಚು ತಪ್ಪುಗಳನ್ನು ಹುಡುಕಿದರು. ಬೇಕೆಂದರೆ ನಿಲ್ಲಿಸಬಲ್ಲೆ ಎಂಬ ಭರವಸೆಯೊಂದೇ ಅವರ ಶಕ್ತಿಯನ್ನು ಉಳಿಸಿತ್ತು.

ಈ ಭರವಸೆಗೆ ದೇಹ ಇಷ್ಟು ಬೆಲೆ ಕೊಡುವುದೇಕೆ? ಅಪಾಯ ಕಂಡೊಡನೆ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಎದುರಿಸು ಇಲ್ಲವೇ ಓಡು ಎಂಬ ಈ ಸಿದ್ಧತೆಯನ್ನು ವಿವರಿಸಿದವರು ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್. ಅದರ ಬೆನ್ನಿಗೇ ಕಾರ್ಟಿಸಾಲ್ ಎಂಬ ಹಾರ್ಮೋನು ಬಂದು, ಹೋರಾಟ ಮುಂದುವರಿಯಲು ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಒದಗಿಸುತ್ತದೆ. ಅಪಾಯ ಕಳೆದರೆ ಎಲ್ಲವೂ ಮೊದಲಿನಂತಾಗಬೇಕು. ಕಳೆಯದಿದ್ದರೆ? 1936ರಲ್ಲಿ ವೈದ್ಯವಿಜ್ಞಾನಿ ಹಾನ್ಸ್ ಸೆಲ್ಯೆ ಇಲಿಗಳ ಮೇಲಿನ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಪೀಡೆ ಯಾವುದೇ ಆಗಿರಲಿ, ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಅದು ಮುಂದುವರಿದಾಗ ದೇಹದ ಪ್ರತಿಕ್ರಿಯೆ ಒಂದೇ ಹಾದಿ ಹಿಡಿಯುತ್ತಿತ್ತು. ಮೊದಲು ಎಚ್ಚರ, ಆಮೇಲೆ ಪ್ರತಿರೋಧ, ಕೊನೆಗೆ ಬಸವಳಿಕೆ. ನಮ್ಮ ದೇಹದ ಏರ್ಪಾಡು ಸ್ವಲ್ಪ ಹೊತ್ತಿನ ಸಂಕಟಕ್ಕೆ ಸರಿ, ತಿಂಗಳುಗಟ್ಟಲೆ ಮುಗಿಯದ ಸಂಕಟಕ್ಕೆ ಸಾಲದು.

ಒಂದೇ ಘಟನೆ ಒಬ್ಬರನ್ನು ಕಂಗೆಡಿಸಿ ಇನ್ನೊಬ್ಬರನ್ನು ಹುರಿದುಂಬಿಸುವುದೂ ಉಂಟು. ಇದು ನನಗೆ ಅಪಾಯವೇ, ಇದನ್ನು ನಿಭಾಯಿಸಲು ನನ್ನಲ್ಲಿ ಏನಿದೆ ಎಂಬ ಎರಡು ಲೆಕ್ಕಾಚಾರಗಳನ್ನು ಮನಸ್ಸು ತನ್ನಷ್ಟಕ್ಕೆ ಮಾಡುತ್ತದೆ ಎಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಲಜಾರಸ್ ವಿವರಿಸಿದರು. ಈ ಮಾತನ್ನು ಎಚ್ಚರದಿಂದ ಬಳಸಬೇಕು. ಎಲ್ಲವೂ ನೋಡುವ ದೃಷ್ಟಿಯಲ್ಲಿದೆ ಎಂದು ಇದನ್ನು ತಿರುಚಿ, ನೊಂದವರ ಮೇಲೆಯೇ ಹೊಣೆ ಹೊರಿಸುವವರನ್ನು ಕಂಡರೆ ನನಗೆ ನೋವಾಗುತ್ತದೆ. ನಿಭಾಯಿಸಲು ಕೈಯಲ್ಲಿ ನಿಜವಾಗಿಯೂ ಏನೂ ಇಲ್ಲದವರ ಲೆಕ್ಕ ತಪ್ಪಲ್ಲ, ಸರಿಯಾಗಿಯೇ ಇರುತ್ತದೆ.

ಈಗ ಕೆಲಸದ ಸ್ಥಳಕ್ಕೆ ಬರೋಣ. ಒತ್ತಡವೆಂದರೆ ಮೇಲಧಿಕಾರಿಗಳ ಕಾಯಿಲೆ, ಹೃದಯಾಘಾತವಾಗುವುದು ದೊಡ್ಡ ಹುದ್ದೆಯವರಿಗೆ ಎಂಬ ನಂಬಿಕೆ ಬಹುಕಾಲ ಇತ್ತು. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡಂತೆ, ಹುದ್ದೆ ಕೆಳಗಿಳಿದಷ್ಟೂ ಹೃದ್ರೋಗದ ಸಾವು ಹೆಚ್ಚುತ್ತಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸದ ದೊಡ್ಡ ಪಾಲು ಹಾಗೆಯೇ ಉಳಿಯಿತು. 1985ರಲ್ಲಿ ಶುರುವಾದ ಎರಡನೆಯ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಹೃದ್ರೋಗದ ಸಾಧ್ಯತೆ ಹೆಚ್ಚೆಂದು ಕಂಡುಬಂತು. ಅಷ್ಟರಲ್ಲಿ, 1979ರಲ್ಲೇ, ಸಮಾಜವಿಜ್ಞಾನಿ ರಾಬರ್ಟ್ ಕರಾಸೆಕ್ ಇದೇ ವಿಚಾರವನ್ನು ಸೂತ್ರವಾಗಿಸಿದ್ದರು. ಬೇಡಿಕೆ ವಿಪರೀತ, ನಿರ್ಧಾರದ ಸ್ವಾತಂತ್ರ್ಯ ಅತ್ಯಲ್ಪ ಎಂಬ ಜೋಡಣೆ ಎಲ್ಲಕ್ಕಿಂತ ಹೆಚ್ಚು ಹಾನಿಕರ. ಬೇಡಿಕೆ ಹೆಚ್ಚಿದ್ದು ಸ್ವಾತಂತ್ರ್ಯವೂ ಇದ್ದರೆ ಅದೇ ಕೆಲಸ ಮನುಷ್ಯನನ್ನು ಬೆಳೆಸಬಲ್ಲದು.

ಹಾಗೆಂದು ಹೊರೆಯನ್ನು ಕಡೆಗಣಿಸಲಾಗದು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು.

ಬರ್ನ್‌ಔಟ್ ಎಂಬ ಮಾತನ್ನು ನೀವು ಕೇಳಿರಬಹುದು. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಅದಕ್ಕೆ ಮೂರು ಮುಖಗಳನ್ನು ಗುರುತಿಸಿದರು. ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆಯೂ ಅಲ್ಲಿನ ಜನರ ಬಗ್ಗೆಯೂ ಮನಸ್ಸು ಕಲ್ಲಾಗುವುದು, ತಾನು ಯಾವುದಕ್ಕೂ ಪ್ರಯೋಜನವಿಲ್ಲ ಎನಿಸುವುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನದೆ, ದುಡಿಮೆಗೆ ಸಂಬಂಧಿಸಿದ ವಿದ್ಯಮಾನವೆಂದು ವರ್ಗೀಕರಿಸಿದೆ. ಅದು ಸರಿಯಾದ ನಿಲುವೆಂದು ನನ್ನ ಅಭಿಪ್ರಾಯ. ಏಕೆಂದರೆ ಇಲ್ಲಿ ದುರಸ್ತಿಯಾಗಬೇಕಾದದ್ದು ವ್ಯಕ್ತಿಗಿಂತ ಮೊದಲು ಕೆಲಸದ ವ್ಯವಸ್ಥೆ.

ಖಿನ್ನತೆಯ ವಿಷಯ ಬೇರೆ. ಅದು ಕಾಯಿಲೆ. ಮನಸ್ಸು ಕುಗ್ಗುವುದು ಅಥವಾ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಇವೆರಡರಲ್ಲಿ ಒಂದಾದರೂ ಇದ್ದು, ಜೊತೆಗೆ ನಿದ್ದೆ ಮತ್ತು ಹಸಿವಿನ ಏರುಪೇರು, ಸುಸ್ತು, ಏಕಾಗ್ರತೆಯ ಕೊರತೆ, ಅತಿಯಾದ ಅಪರಾಧಿ ಭಾವ, ಸಾವಿನ ಯೋಚನೆ ಮುಂತಾದ ಲಕ್ಷಣಗಳಲ್ಲಿ ಹಲವು ಸೇರಿ, ಕನಿಷ್ಠ ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ ಕಾಡಿದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ಸುದೀರ್ಘ ಒತ್ತಡ ಖಿನ್ನತೆಯನ್ನೂ ಆತಂಕದ ಕಾಯಿಲೆಯನ್ನೂ ಪ್ರಚೋದಿಸಬಲ್ಲದು. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಸ್ಕಿಜೋಫ್ರೇನಿಯಾ, ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ಹೊಯ್ದಾಡುವ ಬೈಪೋಲಾರ್ ಕಾಯಿಲೆಗಳಲ್ಲಿ ಆನುವಂಶಿಕತೆಯ ಪಾಲು ದೊಡ್ಡದು. ಅವುಗಳಿಗೆ ಕೆಲಸವನ್ನೋ ಮನೆಯವರನ್ನೋ ಕಾರಣವೆಂದು ದೂರಬಾರದು. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಎಂಬ ಅಂದಾಜಿದೆ. ಈ ಅಂಕಿಯನ್ನು ಹಣದ ನಷ್ಟವಾಗಿ ಮಾತ್ರ ಓದುವವರಿದ್ದಾರೆ. ಆ ಒಂದೊಂದು ದಿನವೂ ಯಾರೋ ಒಬ್ಬರು ಹಾಸಿಗೆಯಿಂದ ಏಳಲಾಗದೆ ಕಳೆದ ದಿನ.

ಚಿಕಿತ್ಸೆ ಎಂದೊಡನೆ ಹಲವರು ಹಿಂಜರಿಯುತ್ತಾರೆ. ಎದುರಿಗೆ ಕುಳಿತವರು ಬುದ್ಧಿವಾದ ಹೇಳುತ್ತಾರೆ ಎಂಬ ಭಾವನೆ ಇರಬಹುದು. ಒಳ್ಳೆಯ ಚಿಕಿತ್ಸಕರು ಬುದ್ಧಿವಾದ ಹೇಳುವುದು ಕಡಿಮೆ, ಪ್ರಶ್ನೆ ಕೇಳುವುದು ಹೆಚ್ಚು. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯನ್ನೇ ನೋಡಿ. ವರದಿಯಲ್ಲಿ ಒಂದು ತಪ್ಪಾದೊಡನೆ ‘ನಾನು ನಾಲಾಯಕ್ಕು, ನನ್ನನ್ನು ಕೆಲಸದಿಂದ ತೆಗೆಯುತ್ತಾರೆ’ ಎಂಬ ಯೋಚನೆ ಕ್ಷಣದಲ್ಲಿ ನುಗ್ಗಿ ಬರುತ್ತದೆ. ಚಿಕಿತ್ಸಕರು ಅದನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ಅದನ್ನು ಕಾಗದದ ಮೇಲೆ ಬರೆಸುತ್ತಾರೆ. ಇದಕ್ಕೆ ಪುರಾವೆ ಏನು, ವಿರುದ್ಧವಾದ ಪುರಾವೆ ಏನು, ಗೆಳೆಯನೊಬ್ಬ ಇದೇ ತಪ್ಪು ಮಾಡಿದ್ದರೆ ಅವನಿಗೆ ಏನು ಹೇಳುತ್ತಿದ್ದಿರಿ ಎಂದು ಕೇಳುತ್ತಾರೆ. ಮುಂದಿನ ಭೇಟಿಯವರೆಗೆ ಒಂದು ಪುಟ್ಟ ಕೆಲಸ ಕೊಡುತ್ತಾರೆ. ಸಭೆಯಲ್ಲಿ ಒಂದು ಪ್ರಶ್ನೆ ಕೇಳುವುದು, ಬಿಟ್ಟುಹೋದ ಸಂಜೆಯ ನಡಿಗೆಯನ್ನು ಮತ್ತೆ ಶುರು ಮಾಡುವುದು, ಹೀಗೆ. ತಾನು ಮಾಡಿದ್ದರಿಂದ ಏನೋ ಬದಲಾಯಿತು ಎಂಬುದನ್ನು ಮನಸ್ಸು ಆ ಸಣ್ಣ ಕೆಲಸಗಳಿಂದಲೇ ಮತ್ತೆ ಕಲಿಯುತ್ತದೆ. ಖಿನ್ನತೆ ತೀವ್ರವಾಗಿದ್ದಾಗ ಔಷಧಿ ಬೇಕಾಗುತ್ತದೆ. ಖಿನ್ನತೆ ನಿವಾರಕ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರಗಳೇ ಹಿಡಿಯುವುದರಿಂದ ಮೊದಲ ವಾರದಲ್ಲೇ ನಿರಾಶರಾಗಿ ಬಿಡಬಾರದು, ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು.

ಸಂಸ್ಥೆಗಳನ್ನು ನಡೆಸುವವರಿಗೆ ಒಂದು ಮಾತು. ಉಸಿರಾಟದ ತರಬೇತಿ, ಧ್ಯಾನದ ಶಿಬಿರ ಏರ್ಪಡಿಸುವುದು ಒಳ್ಳೆಯದೇ. ಆದರೆ ನಾಳೆಯ ಪಾಳಿಯನ್ನು ಇಂದು ರಾತ್ರಿ ತಿಳಿಸುವ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡು, ನೌಕರರಿಗೆ ಆಳವಾಗಿ ಉಸಿರಾಡಿ ಎಂದು ಹೇಳುವುದು ನ್ಯಾಯವಲ್ಲ. ಪಾಳಿಯ ಪಟ್ಟಿಯನ್ನು ಮುಂಚಿತವಾಗಿ ಕೊಡಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಮಾಡುವವರೇ ತೀರ್ಮಾನಿಸಲು ಬಿಡಿ. ಬಿಡುವಿನ ಹೊತ್ತಿನಲ್ಲಿ ಬಂದ ಸಂದೇಶಕ್ಕೆ ಮರುದಿನ ಉತ್ತರಿಸಿದರೆ ಸಾಕು ಎಂದು ಸ್ಪಷ್ಟವಾಗಿ ಹೇಳಿ.

ಸಹೋದ್ಯೋಗಿಯೊಬ್ಬರು ಬದುಕೇ ಬೇಡ ಎಂಬರ್ಥದಲ್ಲಿ ಮಾತಾಡಿದರೆ, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ತಲೆಗೆ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಚಿಕಿತ್ಸೆ ಪಡೆದು ಯಾರಾದರೂ ಕೆಲಸಕ್ಕೆ ಮರಳಿದಾಗ ಅವರ ಕಾಯಿಲೆಯ ವಿವರಗಳನ್ನು ಕೆದಕಬೇಡಿ. ಸುಲಭವೆಂದು ನೀವೇ ಊಹಿಸಿ ಕೆಲಸವನ್ನು ಆರಿಸಿಕೊಡುವುದೂ ಬೇಡ. ಯಾವುದರಿಂದ ಶುರು ಮಾಡುತ್ತೀರಿ ಎಂದು ಅವರನ್ನೇ ಕೇಳಿ. ಮೊದಲ ವಾರ ಅರ್ಧ ದಿನ ಸಾಕು ಎಂದರೆ ಅಷ್ಟಕ್ಕೇ ಒಪ್ಪಿಕೊಳ್ಳಿ.

ನಮಸ್ಕಾರ.