ಸೌಂಡ್ ಒಂದು ಪದ ಅಲ್ಲ, ನಾಲ್ಕು ಪದ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದನ್ನು ಪಕ್ಕಕ್ಕಿಟ್ಟು ಇದನ್ನು ಬರೆದುಕೊಂಡು ಬಂದಿದ್ದೇನೆ. ಇದನ್ನು ಹೇಳಿ ಮುಗಿಸುವ ತನಕ ನನಗೆ ಸಮಾಧಾನ ಇಲ್ಲ.

ಮೊನ್ನೆ ಭಾನುವಾರ ತಂಗಿ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಮಗ ಎಂಟನೇ ಕ್ಲಾಸು. ಕೈ ತೊಳೆದು ಬರುವಷ್ಟರಲ್ಲಿ "ಮಾಮಾ, ಟೆಸ್ಟ್ ಪೇಪರ್ ನೋಡು" ಅಂತ ತಂದು ಕೊಟ್ಟ. 20ಕ್ಕೆ 18. ಖುಷಿಯಾಯಿತು. ಆಮೇಲೆ ಏಳನೇ ಪ್ರಶ್ನೆ ಕಣ್ಣಿಗೆ ಬಿತ್ತು. ಕೇರಳದ ಥುಂಬಾದಿಂದ 1963ರಲ್ಲಿ ಹಾರಿಸಿದ ರಾಕೆಟ್ಟಿಗೆ ಸೌಂಡಿಂಗ್ ರಾಕೆಟ್ ಎಂಬ ಹೆಸರು ಯಾಕೆ ಬಂತು? ಹುಡುಗ ದುಂಡಗೆ ಬರೆದಿದ್ದಾನೆ: 'ಅದು ಹಾರುವಾಗ ಭಾರಿ ಶಬ್ದ ಮಾಡುತ್ತದೆ.' ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಗುರುತು. ಪೂರ್ತಿ ಅಂಕ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗುರುತು ಹಾಕಿದವರ ಮೇಲೂ ಇಲ್ಲ, ಅವರಿಗೂ ಯಾರೋ ಹೀಗೇ ಹೇಳಿಕೊಟ್ಟಿರುತ್ತಾರೆ. ಸಿಟ್ಟು ಬಂದದ್ದು ಆಮೇಲೆ. ಈ ವಿಷಯವನ್ನು ಚಾನೆಲ್‌ನಲ್ಲಿ ಹಾಕಿದೆ. ಒಂದು ಗಂಟೆಯೊಳಗೆ ಕಾಮೆಂಟ್ ಬಂತು: "ಸೌಂಡ್ ಅಂದ್ರೆ ಸದ್ದು. ರಾಕೆಟ್ ಸದ್ದು ಮಾಡಲ್ವಾ? ಇದಕ್ಕೂ ಒಂದು ಎಪಿಸೋಡ್ ಮಾಡ್ತೀರಾ?"

ಮಾಡುತ್ತೇನೆ. ಇದೇ ಆ ಎಪಿಸೋಡ್.

ದೀಪಾವಳಿ ರಾಕೆಟ್ಟೂ ಸದ್ದು ಮಾಡುತ್ತದೆ. ಚಂದ್ರಯಾನವನ್ನು ಹೊತ್ತೊಯ್ದ ರಾಕೆಟ್ಟೂ ಮಾಡಿತು. ಹಾಗಾದರೆ ಅವನ್ನು ಯಾಕೆ ಸೌಂಡಿಂಗ್ ರಾಕೆಟ್ ಅನ್ನುವುದಿಲ್ಲ? ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಇಂಗ್ಲಿಷಿನ ಸೌಂಡ್ ಒಂದು ಪದ ಅಲ್ಲ. ನಾಲ್ಕು ಪದ. ಒಂದೇ ಅಂಗಿ ತೊಟ್ಟ ನಾಲ್ಕು ಜನ.

ಮೊದಲನೆಯದು ನಮಗೆಲ್ಲ ಗೊತ್ತಿರುವ ಸದ್ದು. ಟೀ ಅಂಗಡಿಯ ಸೌಂಡ್‌ಬಾಕ್ಸ್, ಹಬ್ಬದ ಪೆಂಡಾಲಿನ ಸೌಂಡ್ ಸಿಸ್ಟಮ್, "ಟಿವಿ ಸೌಂಡ್ ಕಮ್ಮಿ ಮಾಡೋ" ಅಂತ ಅಮ್ಮ ಕೂಗುವ ಸೌಂಡ್. ಇದು ಲ್ಯಾಟಿನ್‌ನ ಸೋನುಸ್‌ನಿಂದ ಬಂದದ್ದು. ನಮ್ಮ ಭಾಷಾವಿಜ್ಞಾನದವರು ಬಳಸುವ ಸ್ವನ, ಸ್ವನಿಮ ಇದೆಯಲ್ಲ, ಆ ಸಂಸ್ಕೃತದ ಸ್ವನಕ್ಕೂ ಇದಕ್ಕೂ ಮೂಲ ಒಂದೇ. ಇನ್ನೊಂದು ವಿಷಯ ಕೇಳಿ. ಹಿಂದೆ ಇಂಗ್ಲಿಷಿನಲ್ಲಿ ಈ ಪದದ ಕೊನೆಗೆ 'ಡ್' ಇರಲೇ ಇಲ್ಲ. ಚಾಸರ್ ಕವಿಯ ಕಾಲದಲ್ಲಿ ಅದು ಬರೀ 'ಸೂನ್'. ಸುಮಾರು 1350ರಿಂದ 1550ರ ನಡುವೆ ಜನರ ಬಾಯಲ್ಲಿ ಒಂದು ಡಕಾರ ಸುಮ್ನೆ ಬಂದು ಅಂಟಿಕೊಂಡಿತು. ಹಾಗೆ ಅಂಟಿದ್ದೇ ಈ ಗೊಂದಲಕ್ಕೆಲ್ಲ ಮೂಲ. ಅಲ್ಲಿಯವರೆಗೆ ಬೇರೆಯಾಗಿ ಕೇಳುತ್ತಿದ್ದ ಸದ್ದು, ಮೊದಲೇ ಡಕಾರ ಇದ್ದ ಬೇರೆ ಪದಗಳ ಗುಂಪಿಗೆ ಹೋಗಿ ಸೇರಿಕೊಂಡಿತು.

ಎರಡನೆಯದು ಆರೋಗ್ಯದ ಸೌಂಡ್. ಸೌಂಡ್ ಸ್ಲೀಪ್, ಸೇಫ್ ಅಂಡ್ ಸೌಂಡ್. ಇದು ಜರ್ಮನ್ ಭಾಷೆಯ ಗೆಜುಂಡ್ ಪದದ ನೆಂಟ. ಜರ್ಮನಿಯಲ್ಲಿ ಯಾರಾದರೂ ಸೀನಿದರೆ ಪಕ್ಕದವರು "ಗೆಜುಂಡ್‌ಹೈಟ್" ಅನ್ನುತ್ತಾರೆ. ನಾವು "ಚಿರಂಜೀವಿ" ಅನ್ನುವ ಹಾಗೆ. ಇದಕ್ಕೂ ಸದ್ದಿಗೂ ಯಾವ ಸಂಬಂಧವೂ ಇಲ್ಲ. ನಮ್ಮ ಜನಕ್ಕೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ. "ಆ ಹುಡುಗ ಸೌಂಡ್ ಪಾರ್ಟಿ ಕಣ್ರೀ, ಎರಡು ಸೈಟಿದೆ" ಅಂತ ಮದುವೆ ಮಾತುಕತೆಯಲ್ಲಿ ಹೇಳುವಾಗ ಆ ಹುಡುಗ ಗಲಾಟೆ ಮಾಡುತ್ತಾನೆ ಅಂತ ಯಾರಾದರೂ ತಿಳಿಯುತ್ತಾರಾ? ದುಡ್ಡಿನಲ್ಲಿ ಗಟ್ಟಿ ಕುಳ ಅಂತ ಎಲ್ಲರಿಗೂ ಗೊತ್ತು. ಪದದ ಹುಟ್ಟು ಗೊತ್ತಿಲ್ಲದೆಯೂ ನಮ್ಮವರು ಅದನ್ನು ಸರಿಯಾದ ಕಡೆ ಇಟ್ಟಿದ್ದಾರೆ. ನನಗೆ ಇದು ಬಹಳ ಇಷ್ಟ.

ಆದರೆ ಮೊಬೈಲಿಗೆ ಅಷ್ಟು ಬುದ್ಧಿ ಇಲ್ಲ. ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪ ಉಯಿಲು ಬರೆಸಿದರು. ಯಾರೋ ಇಂಗ್ಲಿಷ್ ಡ್ರಾಫ್ಟ್ ಕೊಟ್ಟಿದ್ದರು. ಅಣ್ಣ ಅದನ್ನು ಫೋನಿನಲ್ಲೇ ಕನ್ನಡ ಮಾಡಿ ಪ್ರಿಂಟ್ ತೆಗೆದ. ದೊಡ್ಡಪ್ಪ ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಾ ಬಂದವರು ಎರಡನೇ ಸಾಲಿಗೆ ನಿಂತುಬಿಟ್ಟರು. "ಏನೋ ಇದು, ಶಬ್ದ ಮನಸ್ಸು? ನನ್ನ ತಲೇಲಿ ಗುಂಯ್ ಅನ್ನತ್ತೆ ಅಂತ ಬರ್ದಿದ್ದೀಯೇನೋ?" ಸೌಂಡ್ ಮೈಂಡ್ ಅಂದರೆ ಸ್ವಸ್ಥ ಚಿತ್ತ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಉಯಿಲು ಬರೆಯುವವರಿಗೆ ಹಾಕಿರುವ ಷರತ್ತೇ ಅದು. ಪ್ರಾಪ್ತ ವಯಸ್ಸಾಗಿರಬೇಕು, ಮನಸ್ಸು ಸ್ವಸ್ಥ ಇರಬೇಕು. ಆ ಹಾಳೆಗೆ ಹಾಗೇ ಸಹಿ ಬಿದ್ದಿದ್ದರೆ? ಈಗ ಹೇಳಿ, ಇದು ಬರೀ ಪಂಡಿತರ ವಿಷಯವಾ?

ಮೂರನೆಯದನ್ನು ಬೇಗ ಮುಗಿಸುತ್ತೇನೆ. ಇದು ನೀರಿನ ಸೌಂಡ್. ಎರಡು ನೆಲದ ನಡುವಿನ ಕಿರಿದಾದ ಸಮುದ್ರ, ಜಲಸಂಧಿ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್ ಸೌಂಡ್. ಹಳೆಯ ಇಂಗ್ಲಿಷಿನಲ್ಲಿ ಸುಂಡ್ ಅಂದರೆ ಈಜು, ಸಮುದ್ರ ಅಂತ ಅರ್ಥ. ಸಿಯಾಟಲ್‌ನಲ್ಲಿ ಕೂತು ಈ ವಿಡಿಯೋ ನೋಡುವವರು ಜಾಸ್ತಿ ಇದ್ದಾರೆ, ನಿಮಗೆ ವಿಶೇಷ ನಮಸ್ಕಾರ. ನೀವು ಹತ್ತುವ ರೈಲಿನ ಮೇಲೆ ಸೌಂಡ್ ಟ್ರಾನ್ಸಿಟ್ ಅಂತ ಬರೆದಿರುತ್ತದಲ್ಲ, ಅದು ಸದ್ದು ಮಾಡುವ ರೈಲು ಅಂತಲ್ಲ. ಪಕ್ಕದಲ್ಲೇ ಇರುವ ಪ್ಯೂಜೆಟ್ ಸೌಂಡ್‌ನಿಂದ ಬಂದ ಹೆಸರು. 1792ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ತನ್ನ ಹಡಗಿನ ಅಧಿಕಾರಿ ಪೀಟರ್ ಪ್ಯೂಜೆಟ್ ಹೆಸರನ್ನು ಆ ನೀರಿಗೆ ಇಟ್ಟ.

ಈಗ ನಾಲ್ಕನೆಯದು. ನನಗೆ ಜೀವ ಇರುವುದು ಇದರಲ್ಲಿ. ಆಳ ನೋಡುವ ಸೌಂಡ್. ಫ್ರೆಂಚಿನ ಸೋಂದೆ, ಅಂದರೆ ಆಳ ಅಳೆ.

ಕಣ್ಣ ಮುಂದೆ ತಂದುಕೊಳ್ಳಿ. ಹಡಗಿನ ಅಂಚಿನಲ್ಲಿ ಒಬ್ಬ ನಿಂತಿದ್ದಾನೆ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಸೀಸದ ಗುಂಡು. ಗುಂಡಿನ ಅಡಿಯಲ್ಲಿ ಒಂದು ಕುಳಿ, ಆ ಕುಳಿಗೆ ಮೆತ್ತಿದ ಕೊಬ್ಬು. ಗುಂಡನ್ನು ನೀರಿಗೆ ಎಸೆಯುತ್ತಾನೆ. ತಳ ಮುಟ್ಟಿದ ಮೇಲೆ ಎಳೆದುಕೊಂಡರೆ ಕೊಬ್ಬಿಗೆ ಮರಳೋ, ಕೆಸರೋ, ಚಿಪ್ಪಿನ ಚೂರೋ ಅಂಟಿಕೊಂಡು ಬರುತ್ತದೆ. ಆಳವೂ ಗೊತ್ತಾಯಿತು, ತಳ ಎಂಥದ್ದು ಅಂತಲೂ ಗೊತ್ತಾಯಿತು. ಹಗ್ಗದ ಮೇಲೆ ಅಲ್ಲಲ್ಲಿ ಗುರುತು. ಒಂದು ಕಡೆ ಚರ್ಮದ ಪಟ್ಟಿ, ಒಂದು ಕಡೆ ಬಿಳಿ ಬಟ್ಟೆ, ಇನ್ನೊಂದು ಕಡೆ ಕೆಂಪು ಬಟ್ಟೆ, ಮತ್ತೊಂದು ಕಡೆ ತೂತಿರುವ ಚರ್ಮ. ಕತ್ತಲೆಯಲ್ಲೂ ಕೈಯಲ್ಲಿ ತಡವಿ ಎಷ್ಟು ಆಳ ಅಂತ ಹೇಳಬಹುದು. ಈ ಕೆಲಸದ ಹೆಸರು ಸೌಂಡಿಂಗ್. ಇದರಲ್ಲಿ ಸದ್ದು ಎಲ್ಲಿದೆ? ಗುಂಡು ನೀರಿಗೆ ಬಿದ್ದಾಗ ಆಗುವ ಡುಬುಕ್ ಬಿಟ್ಟರೆ ಇನ್ಯಾವ ಸದ್ದೂ ಇಲ್ಲ.

ಅವರು ಅಳೆಯುತ್ತಿದ್ದದ್ದು ಫ್ಯಾದಮ್ ಲೆಕ್ಕದಲ್ಲಿ. ಒಂದು ಫ್ಯಾದಮ್ ಅಂದರೆ 6 ಅಡಿ. ಆ ಪದದ ಹಳೆಯ ಅರ್ಥ ಏನು ಗೊತ್ತಾ? ಎರಡೂ ಕಡೆ ಚಾಚಿದ ತೋಳು. ನಮ್ಮ ಬೀದಿಯ ಹೂವಿನಮ್ಮ ದಿನಾ ಸಂಜೆ ಮಾಡುವುದೂ ಅದನ್ನೇ. ಮಲ್ಲಿಗೆ ದಂಡೆಯ ಒಂದು ತುದಿ ಎಡಗೈಯಲ್ಲಿ, ಇನ್ನೊಂದು ಕೈಯನ್ನು ಪೂರ್ತಿ ಚಾಚಿ, "ತಗೊಳ್ಳಿ, ಒಂದು ಮಾರು." ಮಾರು! ಅದೇ ಅಳತೆ. ಮೂರು ಮಾರು ನೀರು ಅಂದರೆ ನಮ್ಮಲ್ಲಿ ಯಾರಿಗೂ ಡಿಕ್ಷನರಿ ಬೇಕಾಗಿಲ್ಲ.

ಮಾರ್ಕ್ ಟ್ವೇನ್ ಹೆಸರು ಕೇಳಿದ್ದೀರಿ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆತ ಸ್ಯಾಮ್ಯುಯೆಲ್ ಕ್ಲೆಮೆನ್ಸ್, ಮಿಸಿಸಿಪ್ಪಿ ನದಿಯಲ್ಲಿ ಉಗಿದೋಣಿ ನಡೆಸುತ್ತಿದ್ದವನು. ಆಳ ನೋಡುವವನು "ಮಾರ್ಕ್ ಟ್ವೇನ್" ಅಂತ ಕೂಗಿದರೆ ಎರಡು ಮಾರು ನೀರಿದೆ, 12 ಅಡಿ, ದೋಣಿ ಹೋಗಬಹುದು ಅಂತ. ಸೌಂಡಿಂಗ್ ಮಾಡುವವನ ಕೂಗನ್ನೇ ಒಬ್ಬ ಲೇಖಕ ತನ್ನ ಹೆಸರು ಮಾಡಿಕೊಂಡ. 1875ರಲ್ಲಿ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ ಹಗ್ಗ ಇಳಿಸಿತು. 4,475 ಫ್ಯಾದಮ್. 8 ಕಿಲೋಮೀಟರಿಗಿಂತ ಜಾಸ್ತಿ! ಬರೀ ಹಗ್ಗ ಮತ್ತು ಭಾರ.

ಈಗ ರಾಕೆಟ್ಟಿಗೆ ಬನ್ನಿ. 1963ರ ನವೆಂಬರ್ 21. ಥುಂಬಾದಿಂದ ನೈಕಿ ಅಪಾಚೆ ಎಂಬ ರಾಕೆಟ್ ಮೇಲೆ ಹೋಯಿತು. ಅದಕ್ಕೆ ಯಾವ ಉಪಗ್ರಹವನ್ನೂ ಕೂರಿಸಬೇಕಿರಲಿಲ್ಲ. ಸುಮಾರು 200 ಕಿಲೋಮೀಟರ್ ಎತ್ತರದವರೆಗೆ ಹೋಗಿ, ಸೋಡಿಯಂ ಆವಿ ಬಿಟ್ಟು, ಅಲ್ಲಿ ಗಾಳಿ ಹೇಗೆ ಬೀಸುತ್ತದೆ ಅಂತ ತೋರಿಸಬೇಕಿತ್ತು. ಬಲೂನು ಅಷ್ಟು ಎತ್ತರ ಹೋಗಲಾರದು, ಉಪಗ್ರಹ ಅಷ್ಟು ಕೆಳಗೆ ನಿಲ್ಲಲಾರದು. ನಡುವಿನ ಆಕಾಶವನ್ನು ನೋಡಿಬರಲು ಇರುವುದು ಈ ರಾಕೆಟ್ಟೇ. ಮೇಲೆ ಹೋಗುತ್ತದೆ, ಅಳೆಯುತ್ತದೆ, ಬೀಳುತ್ತದೆ. ಆಕಾಶ ಕಡಲು, ರಾಕೆಟ್ ಸೀಸದ ಗುಂಡು. ಎಷ್ಟು ಚೆಂದದ ಹೆಸರು ಇದು! ಅದನ್ನು ಹಿಡಿದು ಶಬ್ದ ಮಾಡುವ ರಾಕೆಟ್ ಮಾಡಿಬಿಟ್ಟರಲ್ಲ. 1967ರಲ್ಲಿ ನಾವೇ ಮಾಡಿ ಹಾರಿಸಿದ ರೋಹಿಣಿಯ ವ್ಯಾಸ 75 ಮಿಲಿಮೀಟರ್, ಮೂರು ಇಂಚು. ಅದೂ ಸೌಂಡಿಂಗ್ ರಾಕೆಟ್ಟೇ. ಸದ್ದಿನ ಲೆಕ್ಕದಲ್ಲಿ ಹೆಸರಿಡುವುದಾದರೆ ಅದಕ್ಕಾ ಇಡುತ್ತಿದ್ದರು?

ಒಬ್ಬರು ಬರೆದಿದ್ದಾರೆ: "ಮಲ್ಪೆ ಬೋಟುಗಳಲ್ಲಿ ಎಕೋ ಸೌಂಡರ್ ಇದೆ, ಅದು ಸದ್ದಿನಿಂದಲೇ ಆಳ ಅಳೆಯುತ್ತದೆ, ಈಗೇನಂತೀರಿ?" ಹೌದು, ಸದ್ದಿನಿಂದ ಅಳೆಯುತ್ತದೆ. ಉಪ್ಪುನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ತಳಕ್ಕೆ ಬಡಿದು ವಾಪಸ್ ಬರುವ ಹೊತ್ತು ಲೆಕ್ಕ ಹಾಕಿದರೆ ಆಳ ಸಿಗುತ್ತದೆ. ಆದರೆ ಆ ಹೆಸರಿನಲ್ಲಿ ಸದ್ದಿನ ಕೆಲಸ ಮಾಡುವುದು ಎಕೋ. ಸೌಂಡರ್ ಅಂದರೆ ಆಳ ನೋಡುವುದು. ಹಗ್ಗ ಹೋಗಿ ಪ್ರತಿಧ್ವನಿ ಬಂತು, ಪದ ಮೊದಲಿನದೇ. ನಿಮ್ಮ ಉದಾಹರಣೆ ನನ್ನ ಪರವಾಗಿಯೇ ಇದೆ ಸ್ವಾಮಿ.

ಇನ್ನೊಬ್ಬರು: "ಮೂರನೆಯದೂ ನಾಲ್ಕನೆಯದೂ ಮೂಲದಲ್ಲಿ ನೆಂಟರು ಅಂತ ಓದಿದ್ದೇನೆ." ಇರಬಹುದು, ವಿದ್ವಾಂಸರಿಗೂ ಆ ಗುಮಾನಿ ಇದೆ. ಹಾಗಾದರೆ ಮೂರೂವರೆ ಪದ ಅನ್ನಿ. ಒಂದು ಅಂತೂ ಅಲ್ಲ!

ಮತ್ತೆ ಈ "ಸಂದರ್ಭ ನೋಡಿದ್ರೆ ಗೊತ್ತಾಗತ್ತೆ ಬಿಡಿ" ಅನ್ನುವ ಗುಂಪು. ಎಲ್ಲಿ ಗೊತ್ತಾಯಿತು? ಪ್ರಶ್ನೆ ಪತ್ರಿಕೆಯಲ್ಲಿ ಗೊತ್ತಾಗಲಿಲ್ಲ. ಉಯಿಲಿನಲ್ಲಿ ಗೊತ್ತಾಗಲಿಲ್ಲ. ನನ್ನ ಸ್ನೇಹಿತನ ಆಫೀಸಿನಲ್ಲಿ "ಅವರನ್ನು ಸ್ವಲ್ಪ ಸೌಂಡ್ ಔಟ್ ಮಾಡಿ" ಅಂದರೆ, ಮೆಲ್ಲಗೆ ಅವರ ಮನಸ್ಸಿನ ಆಳ ನೋಡಿ ಅಂತ ಹೇಳಿದರೆ, ಹೊಸ ಹುಡುಗ ಹೋಗಿ ಎಲ್ಲರೆದುರು ಜೋರಾಗಿ ಹೇಳಿ ಬಂದ.

ನಮ್ಮದೇ 'ಕಳೆ' ನೋಡಿ. ಮದುಮಗಳ ಮುಖದಲ್ಲಿ ಕಳೆ. ರಾಗಿ ಹೊಲದಲ್ಲಿ ಕಳೆ. ಸುಮ್ನೆ ಕಾಲ ಕಳೆ. ಮೊದಲನೆಯದು ಸಂಸ್ಕೃತದ ಕಲಾದಿಂದ ಬಂದದ್ದು. ಎರಡನೆಯದು ಕೀಳುವ ಕಳೆ. ಮೂರನೆಯದನ್ನು ಹಳಗನ್ನಡದಲ್ಲಿ ಬೇರೆ ಅಕ್ಷರದಲ್ಲೇ ಬರೆಯುತ್ತಿದ್ದರು, ೞ, ಕೞೆ. ಆ ಅಕ್ಷರ ಬಾಯಿಂದ ಹೋಯಿತು, ಪದಗಳು ಕಲಸಿಕೊಂಡವು. 13ನೇ ಶತಮಾನದಲ್ಲೇ ಕನ್ನಡ ವ್ಯಾಕರಣ ಬರೆದ ಕೇಶಿರಾಜ ಕೂತು ಯಾವ ಪದಕ್ಕೆ ೞ ಬರಬೇಕು ಅಂತ ಪಟ್ಟಿ ಮಾಡಿಟ್ಟ. ಸಂದರ್ಭ ನೋಡಿದರೆ ಗೊತ್ತಾಗುತ್ತದೆ ಬಿಡಿ ಅಂತ ಅವನು ಕೈಬಿಡಲಿಲ್ಲ. ನಾಳೆ ಯಾರಾದರೂ ಬಂದು "ಮದುಮಗಳ ಮುಖದಲ್ಲಿ ಹುಲ್ಲು ಬೆಳೆದಿದೆ" ಅಂತ ಅನುವಾದ ಮಾಡಿದರೆ ಸುಮ್ಮನಿರುತ್ತೀರಾ? ಇರುವುದಿಲ್ಲ ಅಲ್ವಾ? ಹಾಗಾದರೆ ಸೌಂಡಿಗೆ ಮಾತ್ರ ಯಾಕೆ ಸುಮ್ಮನಿರಬೇಕು? ನಾಲ್ಕು ಪದ! ಇನ್ನೂ ನೂರು ಸಲ ಹೇಳುತ್ತೇನೆ, ನಾಲ್ಕು!

ಸರಿ, ನೀರು ಕುಡಿದೆ. ಮುಂದಿನ ವಾರ 'ರಿಂಗ್'. ಬೆರಳಿನ ರಿಂಗ್ ಬೇರೆ, ಫೋನಿನ ರಿಂಗ್ ಬೇರೆ, ಅದರಲ್ಲೂ ಜಗಳ ಇದೆ. ಸಬ್‌ಸ್ಕ್ರೈಬ್ ಆಗದವರು ಆಗಿ, ಪಾಡ್‌ಕಾಸ್ಟ್‌ನಲ್ಲಿ ಕೇಳುವವರು ಫಾಲೋ ಮಾಡಿ. ಜಾಯಿನ್ ಆದವರಿಗೆ ಹಗ್ಗದ ಗುರುತುಗಳ ಚಿತ್ರ ಹಾಕಿದ್ದೇನೆ, ನಾನೇ ಕೂತು ಬರೆದದ್ದು. ಹುಡುಗ ಅದರದ್ದೊಂದು ಪ್ರಿಂಟ್ ಸ್ಕೂಲಿಗೆ ತೆಗೆದುಕೊಂಡು ಹೋಗಿದ್ದಾನೆ.

ಒಂದು ಕೆಲಸ ಇದೆ ನಿಮಗೆ. ಮಲ್ಪೆ, ಹೊನ್ನಾವರ, ಕಾರವಾರದ ಕಡೆಯವರು ಕೇಳಿ. ನಿಮ್ಮ ಮನೆಯಲ್ಲಿ ಅಜ್ಜನೋ ಮುತ್ತಜ್ಜನೋ ದೋಣಿಯಿಂದ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ ಆಳ ನೋಡುತ್ತಿದ್ದರೆ, ಆ ಗುಂಡಿಗೆ ಏನನ್ನುತ್ತಿದ್ದರು, ಆ ಕೆಲಸಕ್ಕೆ ಏನನ್ನುತ್ತಿದ್ದರು? ಕನ್ನಡ, ತುಳು, ಕೊಂಕಣಿ, ಯಾವುದಾದರೂ ಸರಿ. ಮನೆಯಲ್ಲಿ ಕೇಳಿ ಬರೆಯಿರಿ. ಬಂದ ಪ್ರತಿಯೊಂದು ಪದವನ್ನೂ ಇಲ್ಲಿ ಓದುತ್ತೇನೆ.