ಮೊದಲು ಕಟ್ಟಿಗೆ ಅಳೆಯಿರಿ, ಆಮೇಲೆ ಮಾಡೆಲ್ ತೆರೆಯಿರಿ

ಕೇಳುಗರಿಗೆ ನಮಸ್ಕಾರ. ರೇಡಿಯೊ ಹಚ್ಚಿಕೊಂಡು ರಂದಾ ಹೊಡೆಯುತ್ತಿರುವ ಬಡಿಗೇರರು, ಕಲಬುರಗಿ, ಆಳಂದ, ಸೇಡಂ, ಹುಮನಾಬಾದ್, ಶಹಾಪುರದ ಕಡೆ ಹೊಸದಾಗಿ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೆತ್ತುವ ಮಷೀನ್ ತರಿಸಿದವರು, ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡುವ ಹುಡುಗರು, ಇವತ್ತಿನ ಮಾತು ನಿಮಗಾಗಿ. ಬಾಗಿಲು, ದೇವರ ಮಂಟಪ, ಮಂಚದ ತಲೆಹಲಗೆ ಇವುಗಳ ಮೇಲೆ ಉಬ್ಬುಕೆತ್ತನೆ ಮಾಡಲು ಕಂಪ್ಯೂಟರಿನಲ್ಲಿ ಮಾಡೆಲ್, ಅಂದರೆ ಉದ್ದ, ಅಗಲ, ಆಳ ಮೂರೂ ಇರುವ ಆಕಾರವನ್ನು ಹೇಗೆ ತಯಾರು ಮಾಡಬೇಕು ಎಂಬುದು ವಿಷಯ. ಹೇಳಬೇಕಾದದ್ದು ಮುಖ್ಯವಾಗಿ ಒಂದೇ: ಮೊದಲು ಕಟ್ಟಿಗೆ ಅಳೆಯಿರಿ, ಆಮೇಲೆ ಮಾಡೆಲ್ ತೆರೆಯಿರಿ.

ಯಾಕೆ ಅಂದರೆ, ಉಬ್ಬುಕೆತ್ತನೆಯಲ್ಲಿ ಉದ್ದ ಅಗಲ ನಿಮ್ಮ ಕೈಯಲ್ಲಿವೆ, ಆಳ ನಿಮ್ಮ ಕೈಯಲ್ಲಿಲ್ಲ. ಅದನ್ನು ಹಲಗೆ ಹೇಳುತ್ತದೆ. ಸಾಗವಾನಿ ಹಲಗೆ 30 ಮಿಲಿಮೀಟರ್ ದಪ್ಪ ಇದೆ ಅಂದುಕೊಳ್ಳಿ. ಮೇಲ್ಮೈ ಸಮ ಮಾಡಲು 1 ರಿಂದ 2 ಮಿ.ಮೀ. ರಂದಾಕ್ಕೆ ಹೋಗುತ್ತದೆ. ಹಿಂದೆ ಕನಿಷ್ಠ 12 ರಿಂದ 15 ಮಿ.ಮೀ. ಗಟ್ಟಿ ಉಳಿಯಬೇಕು, ಇಲ್ಲದಿದ್ದರೆ ನಮ್ಮ ಬೇಸಿಗೆಯ ಬಿಸಿಲಿಗೆ ಹಲಗೆ ಸೊಟ್ಟಗಾಗುತ್ತದೆ. ಕೆತ್ತಲು ಉಳಿದದ್ದು ಸುಮಾರು 12 ಮಿ.ಮೀ. ದೇವರ ಮೂಗು, ಹೊಟ್ಟೆ, ಕೈ, ಪ್ರಭಾವಳಿ ಎಲ್ಲವೂ ಈ 12 ಮಿ.ಮೀ. ಒಳಗೆ ಕೂಡಬೇಕು. ಈ ಅಂಕಿಯನ್ನು ಹಲಗೆಯ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಮೌಸ್ ಹಿಡಿಯುವುದು ಅದರ ನಂತರ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಪಾಠವಿದೆ. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯ ಸ್ತೂಪದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೋಕೊ’, ಅಂದರೆ ರಾಜ ಅಶೋಕ ಎಂದು ಕೊರೆದ ಹಲಗೆಗಲ್ಲಿನ ಮುಂದೆ ಒಮ್ಮೆ ನಿಂತು ನೋಡಿ. ರಾಜ, ರಾಣಿ, ಚಾಮರ ಮತ್ತು ಛತ್ರ ಹಿಡಿದ ಪರಿಚಾರಿಕೆಯರು. ಯಾರು ಮುಂದೆ, ಯಾರು ಹಿಂದೆ ಎಂಬುದು ಥಟ್ಟನೆ ಗೊತ್ತಾಗುತ್ತದೆ. ಅಷ್ಟಕ್ಕೆ ಆ ಶಿಲ್ಪಿಗಳು ಕಲ್ಲನ್ನು ವಿಪರೀತ ಆಳಕ್ಕೆ ತೋಡಿಲ್ಲ. ಇರುವ ಆಳವನ್ನು ಯಾವ ಅಂಗಕ್ಕೆ ಎಷ್ಟು ಕೊಡಬೇಕೆಂದು ಅವರಿಗೆ ಗೊತ್ತಿತ್ತು. ನಾವು ಕಂಪ್ಯೂಟರಿನಲ್ಲಿ ಮಾಡಬೇಕಾದದ್ದೂ ಇದೇ ಹಂಚಿಕೆ.

ಹಂಚದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯದೇ ಒಂದು ವರ್ಕ್‌ಶಾಪಿನ ಸಂಗತಿ ಹೇಳುತ್ತೇನೆ. ಗೃಹಪ್ರವೇಶಕ್ಕೆಂದು ತಲೆಬಾಗಿಲಿನ ಕೆಲಸ ಬಂದಿತ್ತು. ನಡುವೆ 300 ಕ್ಕೆ 450 ಮಿ.ಮೀ. ಅಳತೆಯ ಗಣಪತಿ. ಮಷೀನ್ ನಡೆಸುವ ಹುಡುಗ ಪೂರ್ಣ ಮೂರ್ತಿಯ ಎಸ್‌ಟಿಎಲ್ ಫೈಲ್, ಅಂದರೆ ಮೂರ್ತಿಯ ಆಕಾರವನ್ನು ತುಂಬಿಟ್ಟ ಫೈಲ್ ಇಳಿಸಿಕೊಂಡ. ಹಲಗೆಯ ಅಗಲಕ್ಕೆ ಹೊಂದಿಸಿದಾಗ ಮೂರ್ತಿಯ ಹಿಂದುಮುಂದಿನ ಅಳತೆ 150 ಮಿ.ಮೀ. ಬಂತು. ಬೇಕಾದದ್ದು 12. ಝಡ್ ಅಂಕಿಯ, ಅಂದರೆ ಆಳದ ಅಂಕಿಯ ಜಾಗದಲ್ಲಿ 12 ಎಂದು ಒತ್ತಿ ಎಂಟರ್ ಹೊಡೆದ. ಜೋಳದ ರೊಟ್ಟಿ ಬಡಿದ ಹಾಗೆ ಇಡೀ ಗಣಪತಿ ಎಲ್ಲ ಕಡೆ ಒಂದೇ ಸಮ ಒತ್ತಿಹೋಯಿತು.

ಲೆಕ್ಕ ನೋಡಿ. 150 ನ್ನು 12 ಮಾಡಿದರೆ ಎಲ್ಲವೂ ಹನ್ನೆರಡೂವರೆ ಪಟ್ಟು ತೆಳು. ಮೂರ್ತಿಯಲ್ಲಿ 2 ಮಿ.ಮೀ. ಉಬ್ಬಿದ್ದ ಕಣ್ಣಿನ ರೆಪ್ಪೆ 0.16 ಮಿ.ಮೀ. ಆಯಿತು. 3 ಮಿ.ಮೀ. ಇದ್ದ ಹಾರದ ಮಣಿ 0.24. ಹೊಟ್ಟೆ ಮಾತ್ರ 100 ಮಿ.ಮೀ. ಮುಂದೆ ಚಾಚಿದ್ದರಿಂದ, ಇದ್ದ 12 ರಲ್ಲಿ 8 ನ್ನು ಅದೊಂದೇ ನುಂಗಿತು. ಅಲ್ಲಿದ್ದ ಹಿರಿಯ ಬಡಿಗೇರರಿಗೆ ಅನುಮಾನ ಬಂದು ಕೇಳಿದರು. ಹುಡುಗ ಹೇಳಿದ್ದು, “ಕಾಕಾ, ಸ್ಕ್ರೀನ್ ಮ್ಯಾಗ ಭಾಳ ಛಂದ ಕಾಣ್ತದ ನೋಡ್ರಿ.” ಅದಕ್ಕೆ ಅವರು, “ಬಾಗಲಿಗಿ ಸ್ಕ್ರೀನ್ ಕೂಡಸ್ತೀಯೇನೋ ತಮ್ಮಾ?” ಅಂದರು. ಆದರೂ ಮಷೀನ್ ಓಡಿತು. ಕೆಲಸ ಮುಗಿದಾಗ ಕಣ್ಣು ತೆಳ್ಳಗೆ ಕಾಣುತ್ತಿತ್ತು. 120 ನಂಬರಿನ ಸ್ಯಾಂಡ್ ಪೇಪರ್ ಒಂದು ಸಲ ಆಡಿಸಿದ್ದೇ ತಡ, ರೆಪ್ಪೆ ಹೋಯಿತು, ಮಣಿಸರ ಹೋಯಿತು. ಪಾಲಿಶ್ ಬಿದ್ದ ಮೇಲೆ ಉಳಿದದ್ದು ಮುಖವೇ ಇಲ್ಲದ ಒಂದು ದೊಡ್ಡ ಹೊಟ್ಟೆ. ಒಳ್ಳೆಯ ಸಾಗವಾನಿ ಹಲಗೆ ದಂಡವಾಯಿತು.

ಎರಡನೆಯ ಸಲ ಅಲ್ಲಿ ಮಾಡಿದ್ದನ್ನು ಗಮನಕೊಟ್ಟು ಕೇಳಿ, ಇದೇ ಸರಿಯಾದ ದಾರಿ. ಮೊದಲು ಮೂರ್ತಿಯ ಹಿಂದಿನ ಅರ್ಧ ಕತ್ತರಿಸಿ ತೆಗೆದರು, ಯಾಕೆಂದರೆ ಮೇಲಿನಿಂದ ಇಳಿಯುವ ಬಿಟ್‌ಗೆ, ಅಂದರೆ ಮಷೀನಿನ ಕೆತ್ತುವ ಅಲಗಿಗೆ ಅದು ಎಟುಕುವುದೇ ಇಲ್ಲ. ನಂತರ ಅಂಗಗಳನ್ನು ಬೇರೆ ಬೇರೆ ಮಾಡಿ ಒಂದೊಂದಕ್ಕೆ ಎತ್ತರ ಕೊಟ್ಟರು. ಪ್ರಭಾವಳಿಗೆ 2 ಮಿ.ಮೀ., ಕಿವಿ ಮತ್ತು ಹಿಂದಿನ ಕೈಗಳಿಗೆ 4, ಹೊಟ್ಟೆ ಮತ್ತು ತೊಡೆಗೆ 8, ಸೊಂಡಿಲು, ದಂತ, ಮೋದಕ ಹಿಡಿದ ಕೈಗೆ ಪೂರ್ತಿ 12. ಹೊಟ್ಟೆಯ ಗುಂಡನ್ನು ಚಪ್ಪಟೆ ಮಾಡಿ 4 ಮಿ.ಮೀ. ಬಾಗು ಮಾತ್ರ ಉಳಿಸಿದರು. ಆದರೂ ಅದು ದುಂಡಗೇ ಕಂಡಿತು, ಅಂಚಿನ ತಿರುವು ಸರಿಯಿದ್ದರೆ ಕಣ್ಣಿಗೆ ಅಷ್ಟು ಸಾಕು. ಕೊನೆಗೆ ಸಾಫ್ಟ್‌ವೇರಿನಲ್ಲಿ ಆಕಾರ ತಿದ್ದುವ ಸ್ಕಲ್ಪ್ಟ್ ಬ್ರಷ್ ಹಿಡಿದು ರೆಪ್ಪೆಯನ್ನು 0.8, ಮಣಿಯನ್ನು 1.2, ಕಿರೀಟದ ಗೆರೆಯನ್ನು 1 ಮಿ.ಮೀ. ಆಗುವಂತೆ ಹೊಸದಾಗಿ ತಿದ್ದಿದರು. ಇದಕ್ಕೆ ದುಬಾರಿ ಸಾಫ್ಟ್‌ವೇರೇ ಬೇಕು ಎನ್ನಬೇಡಿ, ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಉಜ್ಜಿ, ಪಾಲಿಶ್ ಮಾಡಿದ ಮೇಲೂ ಉಳಿಯಬೇಕಾದ ಯಾವ ಗೆರೆಯೂ 0.6 ಮಿ.ಮೀ.ಗಿಂತ ಕಡಿಮೆ ಆಳ ಇರಬಾರದು. ಬಿಟ್‌ನ ತುದಿ 1 ಮಿ.ಮೀ. ಇದ್ದರೆ ಅದಕ್ಕಿಂತ ಸಣ್ಣ ಸಂದು ಮಾಡೆಲ್‌ನಲ್ಲಿ ಇದ್ದೂ ಪ್ರಯೋಜನವಿಲ್ಲ. ಸಂದಿಗೆ 1.5 ಮಿ.ಮೀ. ಅಗಲ ಕೊಡಿ.

ಈ ಸಂಗತಿಗೇ ಬಹಳ ಹೊತ್ತು ಹಿಡಿಯಿತು. ಉಳಿದವನ್ನು ಬೇಗ ಹೇಳುತ್ತೇನೆ.

ಮೊಬೈಲಿನ ಫೋಟೊ ಕಳಿಸಿ “ಇದನ್ನೇ ಕೆತ್ತಿಕೊಡ್ರಿ” ಅನ್ನುವವರು ಬಹಳ. ದಯವಿಟ್ಟು ಬೇಡ. ಫೋಟೊದಲ್ಲಿ ಕಪ್ಪು ಎಂದರೆ ನೆರಳು, ಆದರೆ ಸಾಫ್ಟ್‌ವೇರ್ ಅದನ್ನು ತಗ್ಗು ಎಂದುಕೊಳ್ಳುತ್ತದೆ. ಕಪ್ಪು ಕೂದಲು ಹಳ್ಳವಾಗುತ್ತದೆ, ಹೊಳೆಯುವ ಮೂಗುತಿ ಗುಡ್ಡವಾಗುತ್ತದೆ. ಆಳವನ್ನೇ ಕಪ್ಪಿನಿಂದ ಬಿಳಿಯವರೆಗಿನ ಛಾಯೆಯಲ್ಲಿ ಬರೆದ ಗ್ರೇಸ್ಕೇಲ್ ಚಿತ್ರ ಬಳಸುವುದಾದರೆ 16 ಬಿಟ್‌ನದೇ ಬೇಕು. ಇಲ್ಲಿ ಬಿಟ್ ಅಂದರೆ ಕೆತ್ತುವ ಅಲಗಲ್ಲ, ಚಿತ್ರದಲ್ಲಿ ಎಷ್ಟು ಛಾಯೆಗಳಿವೆ ಎಂಬ ಲೆಕ್ಕ. 8 ಬಿಟ್‌ನಲ್ಲಿ 256 ಮಟ್ಟಗಳು ಮಾತ್ರ. 12 ಮಿ.ಮೀ. ಆಳಕ್ಕೆ ಒಂದೊಂದು ಮೆಟ್ಟಿಲು 0.047 ಮಿ.ಮೀ. 20 ಮಿ.ಮೀ. ಅಗಲದಲ್ಲಿ 1 ಮಿ.ಮೀ. ಏರುವ ಕೆನ್ನೆಯ ಮೇಲೆ ಸುಮಾರು ಒಂದೊಂದು ಮಿಲಿಮೀಟರಿಗೆ ಒಂದು ಮೆಟ್ಟಿಲು ಬೀಳುತ್ತದೆ, ಪಾಲಿಶ್ ಆದ ಮೇಲೆ ಅದು ಎದ್ದು ಕಾಣುತ್ತದೆ. ಜೆಪಿಇಜಿ ಬಗೆಯ ಚಿತ್ರವನ್ನಂತೂ ಮುಟ್ಟಲೇಬೇಡಿ, ಅದರ ಚೌಕಳಿ ಕಲೆಗಳು ಕಟ್ಟಿಗೆಯ ಮೇಲೂ ಮೂಡುತ್ತವೆ.

ಎಸ್‌ಟಿಎಲ್ ಫೈಲಿಗೆ ಮಿಲಿಮೀಟರ್, ಇಂಚು ಎಂಬ ಭೇದ ಗೊತ್ತಿಲ್ಲ, ಅದರಲ್ಲಿ ಬರೀ ಅಂಕಿ ಇರುತ್ತದೆ. ತೆರೆದ ಕೂಡಲೇ ಅಗಲ ನೋಡಿ. 25.4 ಪಟ್ಟು ದೊಡ್ಡದೋ ಸಣ್ಣದೋ ಕಂಡರೆ ಗೊಂದಲ ಅಲ್ಲೇ ಇದೆ. ನೆಟ್ಟಗೆ ನಿಂತ ಗೋಡೆಗಳಿಗೆ 5 ರಿಂದ 10 ಡಿಗ್ರಿ ಇಳಿಜಾರು ಕೊಡಿ, ಇಲ್ಲದಿದ್ದರೆ ತುದಿಗೆ ಸಣ್ಣಗಾಗುತ್ತ ಹೋಗುವ ಟೇಪರ್ ಬಿಟ್‌ನ ಮೈ ತಾಗಿ ಅಂಚು ಕಿತ್ತುಬರುತ್ತದೆ. ನಾರಿಗೆ ಅಡ್ಡವಾಗಿ ನಿಂತ ಬಳ್ಳಿ, ತ್ರಿಶೂಲದ ತುದಿಯಂಥವು 2 ಮಿ.ಮೀ.ಗಿಂತ ತೆಳು ಇದ್ದರೆ ಮುರಿಯುತ್ತವೆ. ಮಾಡೆಲ್‌ನಲ್ಲೇ ದಪ್ಪ ಮಾಡಿ, ಇಲ್ಲವೇ ಹಿನ್ನೆಲೆಗೆ ಅಂಟಿಸಿಬಿಡಿ.

ಇನ್ನು ಸಮಯ. 300 ಕ್ಕೆ 450 ರ ಹಲಗೆಗೆ 3 ಮಿ.ಮೀ. ಬಾಲ್‌ನೋಸ್, ಅಂದರೆ ದುಂಡು ತುದಿಯ ಬಿಟ್ ಹಾಕಿ, ಗೆರೆಯಿಂದ ಗೆರೆಗೆ 0.3 ಮಿ.ಮೀ. ಅಂತರ ಇಟ್ಟರೆ 1000 ಗೆರೆ, ಒಟ್ಟು 450 ಮೀಟರ್ ಓಟ. ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ ಎರಡೂವರೆ ಗಂಟೆ, ತಿರುವುಗಳಲ್ಲಿ ನಿಧಾನವಾಗುವುದರಿಂದ ಇನ್ನೂ ಸ್ವಲ್ಪ ಹೆಚ್ಚು. 1 ಮಿ.ಮೀ. ತುದಿಯ ಬಿಟ್‌ನಲ್ಲಿ 0.1 ಅಂತರ ಇಟ್ಟು ಇಡೀ ಹಲಗೆ ಓಡಿಸಿದರೆ ಏಳೂವರೆ ಗಂಟೆ. ನಡುವೆ ಕರೆಂಟ್ ಹೋದರೆ ಗತಿಯೇನು? ಆದ್ದರಿಂದ ಸಣ್ಣ ಬಿಟ್ ಮುಖ ಮತ್ತು ಕೈಗಳಿಗೆ ಮಾತ್ರ ಇರಲಿ. 100 ಕ್ಕೆ 120 ರ ಮುಖದ ಭಾಗಕ್ಕೆ 40 ನಿಮಿಷ ಸಾಕು. ಅದಕ್ಕೂ ಮುಂಚೆ 6 ಮಿ.ಮೀ. ಎಂಡ್‌ಮಿಲ್ ಎಂಬ ಚಪ್ಪಟೆ ತುದಿಯ ಬಿಟ್‌ನಿಂದ ಒರಟು ಕೆಲಸ ಮುಗಿಸಿ, ನಯಗೆಲಸಕ್ಕೆ ಅರ್ಧ ಮಿಲಿಮೀಟರ್ ಉಳಿಸಿಕೊಳ್ಳಿ.

ಸಾಗವಾನಿ ಹಲಗೆ ಮೇಜಿಗೆ ಬಿಗಿಯುವ ಮುನ್ನ ಎಂಡಿಎಫ್, ಅಂದರೆ ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆಯ ತುಂಡಿನ ಮೇಲೆ ಪರೀಕ್ಷೆ ಮಾಡಿ. ಇಡೀ ಗಣಪತಿಯನ್ನು ಅರ್ಧ ಅಳತೆಗೆ ಕುಗ್ಗಿಸಿ ಕೆತ್ತಿ ನೋಡುವವರಿದ್ದಾರೆ, ಅದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಆಳವೂ ಗೆರೆಯೂ ಬೇರೆಯೇ ಆಗುತ್ತವೆ. ಮುಖದ ಭಾಗವನ್ನಷ್ಟೇ ಕತ್ತರಿಸಿಕೊಂಡು ಪೂರ್ಣ ಅಳತೆಯಲ್ಲಿ, ಅದೇ ಬಿಟ್, ಅದೇ ಆಳದಲ್ಲಿ ಕೆತ್ತಿ. ಸ್ಯಾಂಡ್ ಪೇಪರ್ ಹೊಡೆಯಿರಿ. ಆಮೇಲೆ ಬಾಗಿಲ ಬಳಿ ಒಯ್ದು ಪಕ್ಕದಿಂದ ಬೆಳಕು ಬೀಳುವ ಹಾಗೆ ಹಿಡಿದು, ಹತ್ತು ಅಡಿ ದೂರ ನಿಂತು ನೋಡಿ. ಅಲ್ಲಿಂದ ಕಣ್ಣು ಕಂಡರೆ ಮಷೀನ್ ಚಾಲೂ ಮಾಡಿ. ಕಾಣದಿದ್ದರೆ ಮಾಡೆಲ್‌ಗೆ ವಾಪಸ್ ಹೋಗಿ, ರೆಪ್ಪೆಗೆ ಇನ್ನೂ 0.3 ಮಿ.ಮೀ. ಕೊಡಿ.

ನಮಸ್ಕಾರ.