ಅವ್ವ ಕೇಳಿದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ನನ್ನ ತಮ್ಮ ತೀರಿಕೊಂಡ ದಿನ ಆಸ್ಪತ್ರೆಯವರು ಒಂದು ಚೀಟಿ ಕೊಟ್ಟರು. ಕಾರಣದ ಜಾಗದಲ್ಲಿ ಒಂದೇ ಪದ: ಹೃದಯಸ್ತಂಭನ. ಹೊಳಲ್ಕೆರೆ ಹತ್ತಿರದ ನಮ್ಮೂರಿಗೆ ಅವನನ್ನು ತಂದೆವು, ಮಣ್ಣು ಮಾಡಿದೆವು. ಮೂರನೇ ದಿನ ಅವ್ವ ಕೇಳಿದಳು, "ಹೃದಯ ಯಾಕೆ ನಿಂತಿತು?"

ಅವನಿಗೆ ನಲವತ್ತೂ ತುಂಬಿರಲಿಲ್ಲ. ಹನ್ನೆರಡು ವರ್ಷದಿಂದ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಕೊನೆಯ ವರ್ಷ ತೂಕ ಜಾಸ್ತಿಯಾಗಿತ್ತು. ನೀರಡಿಕೆ ಅಂತ ರಾತ್ರಿ ಎದ್ದು ಕೂರುತ್ತಿದ್ದ. ಸಕ್ಕರೆ ಪರೀಕ್ಷೆ ಮಾಡಿದ್ದರಾ? ಹೇಳುವವರೇ ಇರಲಿಲ್ಲ. "ತಲೆ ಸರಿ ಇಲ್ಲದವರು, ಹಿಂಗೇ ಆಗೋದು" ಅಂತ ಊರವರೂ ಸುಮ್ಮನಾದರು. ಆ ಮಾತು ನನಗೆ ಸಾವಿಗಿಂತ ಜಾಸ್ತಿ ನೋಯಿಸಿತು.

ಸಾಯುವಾಗ ಎಲ್ಲರ ಹೃದಯವೂ ನಿಲ್ಲುತ್ತದೆ, ಅಲ್ವಾ? ಆಸ್ಪತ್ರೆಯಲ್ಲಿ ಸಾವಾದರೆ ವೈದ್ಯರು ನಮೂನೆ 4 ತುಂಬುತ್ತಾರೆ. ಜೀವ ಹೇಗೆ ಹೋಯಿತು ಅಂತಲ್ಲ, ಯಾವ ಕಾಯಿಲೆಯಿಂದ ಹೋಯಿತು ಅಂತ ಅದರಲ್ಲಿ ಬರೆಯಬೇಕು. 2023ರ ಅಕ್ಟೋಬರ್ 1ರಿಂದ ಅದರ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಗೂ ಕೊಡಬೇಕು. ದಯವಿಟ್ಟು ಕೇಳಿ ಪಡೆಯಿರಿ.

ನಮ್ಮ ಕಡೆ ಬಾಣಂತಿ ಸತ್ತರೆ ಏನು ಮಾಡಬೇಕು ಅಂತ ಸರ್ಕಾರದ್ದೇ ಒಂದು ಪದ್ಧತಿ ಇದೆ. ಆಶಾ ಕಾರ್ಯಕರ್ತೆ 24 ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕು. ಆಮೇಲೆ ಮನೆಗೇ ಬಂದು ಕೇಳುತ್ತಾರೆ: ನೋವು ಯಾವಾಗ ಶುರುವಾಯಿತು, ಗಾಡಿ ಎಷ್ಟು ಹೊತ್ತಿಗೆ ಸಿಕ್ಕಿತು, ಎಲ್ಲಿಂದ ಎಲ್ಲಿಗೆ ಕಳಿಸಿದರು. ವಿಷಯ ಜಿಲ್ಲಾಧಿಕಾರಿಗಳ ಸಭೆಗೂ ಹೋಗುತ್ತದೆ. ಇದು 2010ರಿಂದ ಇದೆ. ಯಾರನ್ನೂ ಜೈಲಿಗೆ ಹಾಕುವುದಕ್ಕಲ್ಲ, ಮುಂದಿನ ಬಾಣಂತಿ ಉಳಿಯಲಿ ಅಂತ.

ಮಾನಸಿಕ ಕಾಯಿಲೆ ಇದ್ದವರ ಸಾವಿಗೂ ಇದೇ ಪದ್ಧತಿ ಬರಲಿ. ನಾನು ಕೇಳುವುದು ಅಷ್ಟೇ. ವಾರ್ಡಿನಲ್ಲಿ ಸತ್ತವರಿಗೆ ಮಾತ್ರ ಸಾಲದು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ತುಂಬಾ ಹೆಚ್ಚು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಬರುತ್ತಿದ್ದವರು ಬರುವುದು ನಿಂತರೆ, ಯಾಕೆ ಅಂತ ಒಬ್ಬರು ಅವರ ಮನೆಗೆ ಹೋಗಿ ನೋಡಬೇಕು.

ಇಂಗ್ಲೆಂಡಿನಲ್ಲೂ ಇದೇ ಗೋಳು ಇತ್ತು. ಅಲ್ಲಿ 18 ವರ್ಷದ ಹುಡುಗನೊಬ್ಬ 2013ರಲ್ಲಿ ಚಿಕಿತ್ಸಾ ಕೇಂದ್ರದ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತ. ಅವನ ತಾಯಿ ಬಿಡಲಿಲ್ಲ. ಕೊನೆಗೆ 2015ರಲ್ಲಿ, ಆ ಕೇಂದ್ರ ನಡೆಸುತ್ತಿದ್ದ ಸದರನ್ ಹೆಲ್ತ್ ಎಂಬ ಸರ್ಕಾರಿ ಸಂಸ್ಥೆಯ ಲೆಕ್ಕ ಹೊರಬಂತು. ನಾಲ್ಕು ವರ್ಷದಲ್ಲಿ 722 ಅನಿರೀಕ್ಷಿತ ಸಾವು, ಗಟ್ಟಿ ತನಿಖೆ ಆದದ್ದು 272ಕ್ಕೆ. ಹೆಚ್ಚಿನ ತನಿಖೆಗಳಲ್ಲಿ ಮನೆಯವರ ಮಾತನ್ನೇ ಕೇಳಿರಲಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯನ್ನು ಕಟ್ಟಿಹಾಕಿದರೆ ಪ್ರತಿ ತಿಂಗಳು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕೊಡಬೇಕು. ಕಟ್ಟಿದ್ದಕ್ಕೇ ಅಷ್ಟು ಲೆಕ್ಕ ಬೇಕಾದರೆ ಸಾವಿಗೆ ಎಷ್ಟು ಬೇಡ?

ತನಿಖೆ ಮಾಡುವವರು ಅದೇ ವಾರ್ಡಿನವರಾಗಬಾರದು. ನರ್ಸ್‌ಗಳ ಭಯವೂ ನನಗೆ ಅರ್ಥವಾಗುತ್ತದೆ. ಕೆಲಸ ಹೋಗುತ್ತದೆ ಅನ್ನಿಸಿದರೆ ಯಾರು ತಾನೇ ನಿಜ ಬರೆಯುತ್ತಾರೆ? ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದೆ ಅಂತ ಹೇಳುವ ಧೈರ್ಯ ಅವರಿಗೆ ಬರಬೇಕು. ಮನೆಯವರನ್ನು ಮೊದಲ ದಿನವೇ ಕೂರಿಸಿ ಕೇಳಬೇಕು. ನಮ್ಮನ್ನು ಕೇಳಿದ್ದರೆ ಆ ರಾತ್ರಿಯ ನೀರಡಿಕೆಯ ವಿಷಯ ಹೇಳುತ್ತಿದ್ದೆವು.

ಈ ಮಾತು ಕೇಳಿ ಯಾರಿಗಾದರೂ ಮನಸ್ಸು ಭಾರವಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ರಾತ್ರಿಯೂ ತೆಗೆಯುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಮಸ್ಕಾರ.